ನಮ್ಮೂರ ಶಾಲೆಗೆ ಬರುವ ಬೇರೆ ಬೇರೆ ಅನುದಾನಗಳನ್ನು ಒಂದೇ ಯೋಜನೆಗೆ ಜೋಡಿಸಬಹುದೇ?

ಮಲಪ್ರಭೆ_ದಂಡೆ (ಎಸ್‌ಡಿಎಂಸಿ ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷ, ಬಾದಾಮಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಮಕ್ಕಳು 142. ಊರಿನ ಹೆಸರು ಇಲ್ಲಿ ಬೇಡ, ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಕಳೆದ ವರ್ಷ ನಮ್ಮಲ್ಲಿ ನಡೆದದ್ದನ್ನು ಮೊದಲು ಹೇಳಿ, ಆಮೇಲೆ ಪ್ರಶ್ನೆಗೆ ಬರುತ್ತೇನೆ.

ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೂಡಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದ ಎರಡನೆಯ ಕಂತು ಫೆಬ್ರುವರಿ ಕೊನೆಗೆ ಬಂತು. ಮಾರ್ಚ್ ಮುಗಿಯುವುದರೊಳಗೆ ಖರ್ಚು ತೋರಿಸಬೇಕಾಗಿದ್ದರಿಂದ ನಾಲ್ಕನೆಯ ಮತ್ತು ಐದನೆಯ ತರಗತಿಯ ಕೋಣೆಗಳಿಗೆ ಬಣ್ಣ ಹಚ್ಚಿಸಿದೆವು. ಜೂನ್‌ನಲ್ಲಿ ಮಳೆ ಹಿಡಿದಾಗ ಅದೇ ಕೋಣೆಗಳ ಛಾವಣಿ ಸೋರಿ, ಹೊಸ ಬಣ್ಣದ ಮೇಲೆ ಕಂದು ಗೆರೆಗಳು ನೆಲದವರೆಗೂ ಇಳಿದವು. ಛಾವಣಿ ದುರಸ್ತಿಗೆ ಬೇರೊಂದು ನಿಧಿಯಿಂದ ಹಣ ಮಂಜೂರಾದದ್ದು ಸೆಪ್ಟೆಂಬರ್‌ನಲ್ಲಿ. ಕೆಲಸದವರು ಬಂದು ಗೋಡೆಯ ಮೇಲಿನ ಗಿಲಾವನ್ನು ಮೊಳದುದ್ದ ಕೆಡವಿ ಛಾವಣಿ ಸರಿಮಾಡಿಕೊಟ್ಟರು, ಬಣ್ಣದ ಹಣ ಗಿಲಾದೊಂದಿಗೆ ತಿಪ್ಪೆ ಸೇರಿತು. ಹೆಣ್ಣುಮಕ್ಕಳ ಶೌಚಾಲಯವನ್ನು ನರೇಗಾದಲ್ಲಿ ಕಟ್ಟಿದ್ದಾರೆ. ನಳದ ನೀರು ಜಲ ಜೀವನ್ ಮಿಷನ್‌ನಿಂದ ಬಂದಿದೆ, ಆದರೆ ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತಿದೆ. ಈ ಎರಡರ ನಡುವೆ ಸುಮಾರು ಇಪ್ಪತ್ತೆರಡು ಮೀಟರ್ ಅಂತರವಿದ್ದು, ಅಷ್ಟು ದೂರಕ್ಕೆ ಪೈಪು ಹಾಕುವುದು ಯಾವ ಯೋಜನೆಯ ಅಂದಾಜು ಪತ್ರಿಕೆಯಲ್ಲಿಯೂ ಇಲ್ಲ. ಏಳನೆಯ ತರಗತಿಯ ಹುಡುಗಿಯರು ಬಕೆಟ್ಟಿನಲ್ಲಿ ನೀರು ಹೊರುತ್ತಾರೆ.

ಹಣ ಬಂದಿಲ್ಲವೆಂದು ಹೇಳುವಂತಿಲ್ಲ. ನಾಲ್ಕು ಕಡೆಯಿಂದ ಬಂದಿದೆ, ನಾಲ್ಕೂ ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಕಡತದಲ್ಲಿ ಬಂದಿದೆ. ಇವನ್ನೆಲ್ಲ ಒಂದೆಡೆ ಸೇರಿಸಿ, ಇಡೀ ಶಾಲೆಗೆ ಒಂದೇ ಯೋಜನೆ ಮಾಡಿ ಖರ್ಚು ಮಾಡಲು ನಿಯಮದಲ್ಲಿ ಅವಕಾಶವಿದೆಯೇ? ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ.

ಕರಿಹಲಗೆ (ಮುಖ್ಯ ಗುರು, ಜಮಖಂಡಿ ತಾಲ್ಲೂಕು)

ಅಧ್ಯಕ್ಷರೇ, ನಿಮ್ಮ ಶಾಲೆಯ ಬದಲು ನನ್ನ ಶಾಲೆಯ ಹೆಸರು ಹಾಕಿದರೂ ನಡೆಯುತ್ತದೆ.

ಹಣದ ಲೆಕ್ಕ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಸಮಗ್ರ ಶಿಕ್ಷಣದ ಶಾಲಾ ಅನುದಾನವು ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಮೂವತ್ತು ಮಕ್ಕಳವರೆಗೆ ವರ್ಷಕ್ಕೆ 10,000, ನೂರರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000 ರೂಪಾಯಿ. ಇದರಲ್ಲಿ ಕನಿಷ್ಠ ಶೇಕಡ 10ರಷ್ಟನ್ನು ಸ್ವಚ್ಛತೆಗೆ ತೆಗೆದಿಡಬೇಕು. ಗ್ರಂಥಾಲಯ ಮತ್ತು ಕ್ರೀಡಾ ಸಾಮಗ್ರಿಗೆ ಬೇರೆ ಅನುದಾನ ಉಂಟು. ನಿಮ್ಮ 142 ಮಕ್ಕಳಿಗೆ 50,000ದ ಪಾಲು. ಸೀಮೆಸುಣ್ಣ, ಹಾಜರಿ ಪುಸ್ತಕ, ವಿದ್ಯುತ್ ಬಿಲ್ಲು, ಸಣ್ಣಪುಟ್ಟ ದುರಸ್ತಿ ಎಲ್ಲವೂ ಇದರಲ್ಲೇ ಆಗಬೇಕು. ಪೈಪಿಗೆ ಮತ್ತು ಅದನ್ನು ಹೂಳುವ ಕೂಲಿಗೆ ಇದರಲ್ಲಿ ಅವಕಾಶ ಇದೆ ಎಂಬುದು ನನ್ನ ಅಭಿಪ್ರಾಯ. ನೀವು ಬಣ್ಣದ ಬದಲು ಅದನ್ನೇ ಮಾಡಿಸಬಹುದಿತ್ತು, ಕ್ಷಮಿಸಿ.

ನಿಜವಾದ ತೊಡಕು ತಿಂಗಳುಗಳದ್ದು. ನಮ್ಮ ಶೈಕ್ಷಣಿಕ ವರ್ಷ ಜೂನ್ ಆಸುಪಾಸಿನಲ್ಲಿ ಆರಂಭವಾಗುತ್ತದೆ, ಸರ್ಕಾರದ ಹಣಕಾಸು ವರ್ಷ ಏಪ್ರಿಲ್‌ನಲ್ಲಿ, ಹಣ ಕೈಗೆ ಹತ್ತುವುದು ಅರ್ಧ ವರ್ಷ ಕಳೆದ ಮೇಲೆ. ಮೊದಲಾದರೆ ಶಾಲೆಯ ಬ್ಯಾಂಕ್ ಖಾತೆಯಲ್ಲಿ ಹಣ ಉಳಿದರೆ ಮುಂದಿನ ವರ್ಷಕ್ಕೆ ಹೇಗೋ ಬರುತ್ತಿತ್ತು. 2021ರಲ್ಲಿ ಕೇಂದ್ರ ಪುರಸ್ಕೃತ ಯೋಜನೆಗಳಿಗೆ ಏಕ ನೋಡಲ್ ಖಾತೆಯ ಪದ್ಧತಿ ಬಂದ ಮೇಲೆ ಹಣ ಮೇಲೆಯೇ ಇರುತ್ತದೆ, ನಮ್ಮದು ಶೂನ್ಯ ಶಿಲ್ಕಿನ ಖಾತೆ, ನಮಗೆ ಕೊಡುವುದು ಖರ್ಚಿನ ಮಿತಿ ಮಾತ್ರ. ಮಾರ್ಚ್ 31 ದಾಟಿದರೆ ಮಿತಿಯೂ ಹೋಯಿತು. ಹೀಗಿರುವಾಗ ನಾಲ್ಕು ಯೋಜನೆಯ ಹಣವನ್ನು ಒಂದು ಖಾತೆಗೆ ಹಾಕುವ ಮಾತೇ ಬರುವುದಿಲ್ಲ.

ಪಂಚಾಯ್ತಿ_ಕಟ್ಟೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಇಂಡಿ ತಾಲ್ಲೂಕು)

ಗುರುಗಳು ಹೇಳಿದ್ದು ಸರಿ. ಹಣವನ್ನು ಕೂಡಿಸಲು ಬರುವುದಿಲ್ಲ, ಆದರೆ ಕಾಮಗಾರಿಗಳನ್ನು ಕೂಡಿಸಲು ಬರುತ್ತದೆ. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ಒಗ್ಗೂಡಿಸುವಿಕೆ ಎನ್ನುತ್ತಾರೆ. ಪದವೇನೋ ದೊಡ್ಡದು, ಮಾಡುವವರು ಕಡಿಮೆ.

ನಮ್ಮ ಪಂಚಾಯ್ತಿಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಶಾಲೆಯ ಕಾಂಪೌಂಡನ್ನು ನರೇಗಾದಲ್ಲಿ ತೆಗೆದುಕೊಂಡಾಗ ಮೊದಲ ಅಡ್ಡಿ ಬಂದದ್ದು ಕೂಲಿ ಮತ್ತು ಸಾಮಗ್ರಿಯ 60:40 ಅನುಪಾತದಿಂದ. ಗೋಡೆ ಎಂದರೆ ಕಲ್ಲು, ಸಿಮೆಂಟು, ಸಾಮಗ್ರಿಯೇ ಹೆಚ್ಚು. ಅದೇ ವರ್ಷ ಬದು ನಿರ್ಮಾಣ, ಕೆರೆ ಹೂಳೆತ್ತುವ ಕೆಲಸಗಳನ್ನು ಹೆಚ್ಚಿಗೆ ತೆಗೆದುಕೊಂಡು ಕೂಲಿಯ ಪಾಲನ್ನು ಏರಿಸಿದೆವು, ಒಟ್ಟು ಲೆಕ್ಕದಲ್ಲಿ ಅನುಪಾತ ಕೂಡಿತು. ಹೀಗೆ ರೈತರ ಹೊಲದ ಬದುವು ಶಾಲೆಯ ಗೋಡೆಯನ್ನು ಎತ್ತಿತು ಎಂದರೆ ನಂಬುತ್ತೀರೋ ಇಲ್ಲವೋ. ಶೌಚಾಲಯದ ನೀರು ಮತ್ತು ಇಂಗುಗುಂಡಿಗೆ 15ನೇ ಹಣಕಾಸು ಆಯೋಗದ ನಿರ್ಬಂಧಿತ ಅನುದಾನ ಬಳಸಿದೆವು. ಆ ಆಯೋಗದ ಅನುದಾನದಲ್ಲಿ ಶೇಕಡ 60 ನಿರ್ಬಂಧಿತ, ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇಕಡ 40ನ್ನು, ಸಂಬಳ ಮತ್ತು ಆಡಳಿತ ವೆಚ್ಚ ಬಿಟ್ಟು, ಸ್ಥಳೀಯ ಅಗತ್ಯಕ್ಕೆ ಬಳಸಬಹುದಿತ್ತು. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲಾ ಶಿಕ್ಷಣವೂ ಒಂದು ಎಂಬುದನ್ನು ನಮ್ಮ ಸದಸ್ಯರಿಗೆ ಎರಡು ಸಭೆಗಳಲ್ಲಿ ಓದಿ ಹೇಳಬೇಕಾಯಿತು. ‘ಶಾಲೆ ಶಿಕ್ಷಣ ಇಲಾಖೆಯದು, ನಮಗೇನು’ ಎಂಬುದು ಅವರ ಮಾತಾಗಿತ್ತು.

ಅಧ್ಯಕ್ಷರಿಗೆ ನನ್ನ ಸಲಹೆ ಇಷ್ಟೇ. ಪಂಚಾಯ್ತಿಯ ಕ್ರಿಯಾ ಯೋಜನೆಯ ಅಭಿಯಾನ ಅಕ್ಟೋಬರ್ 2ರಿಂದ ಆರಂಭವಾಗುತ್ತದೆ. ನಿಮ್ಮ ಬೇಡಿಕೆ ಅದರೊಳಗೆ ಬರವಣಿಗೆಯಲ್ಲಿ, ಅಳತೆಯ ಸಮೇತ ಇರಬೇಕು. ಫೆಬ್ರುವರಿಯಲ್ಲಿ ಅರ್ಜಿ ಹಿಡಿದುಕೊಂಡು ಬಂದರೆ ಚಹಾ ಕುಡಿಸಿ ಕಳಿಸುವುದಷ್ಟೇ ನನ್ನಿಂದ ಸಾಧ್ಯ. ಮಕ್ಕಳ ಗ್ರಾಮ ಸಭೆಯನ್ನೂ ಬಿಡಬೇಡಿ. ಬಕೆಟ್ ಹೊರುವ ಹುಡುಗಿಯೇ ಎದ್ದು ನಿಂತು ಕೇಳಿದರೆ ಅದು ನಡಾವಳಿಯಲ್ಲಿ ದಾಖಲಾಗುತ್ತದೆ.

ಹಳೇ_ಮಾಸ್ತರ (ಡಯಟ್ ಎಂಬ ಶಿಕ್ಷಕರ ತರಬೇತಿ ಸಂಸ್ಥೆಯ ನಿವೃತ್ತ ಉಪನ್ಯಾಸಕ, ಬೆಳಗಾವಿ)

ಈ ಪ್ರಶ್ನೆಯನ್ನು ಬೇರೊಂದು ದೇಶ ಹೇಗೆ ಬಿಡಿಸಿಕೊಂಡಿತು ಎಂಬುದನ್ನು ಇಲ್ಲಿ ಇಡುವುದು ಉಪಯುಕ್ತವೆಂದು ತೋರುತ್ತದೆ. ಅಮೆರಿಕದಲ್ಲಿ ಬಡ ಮಕ್ಕಳ ಶಿಕ್ಷಣಕ್ಕೆ ಕೇಂದ್ರ ಸರ್ಕಾರ ಹಣ ಕೊಡುವ ದೊಡ್ಡ ಕಾನೂನು ಬಂದದ್ದು 1965ರ ಏಪ್ರಿಲ್‌ನಲ್ಲಿ. ಅಧ್ಯಕ್ಷ ಲಿಂಡನ್ ಜಾನ್ಸನ್ ತಾವು ಕಲಿತ ಒಂದೇ ಕೋಣೆಯ ಶಾಲೆಯ ಮುಂದೆ, ತಮಗೆ ಮೊದಲು ಕಲಿಸಿದ ಗುರುಮಾತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದಕ್ಕೆ ಸಹಿ ಹಾಕಿದರು. ಆ ಕಾನೂನಿನ ಮೊದಲ ಭಾಗಕ್ಕೆ ‘ಟೈಟಲ್ ಒನ್’ ಎಂದು ಹೆಸರು. ಕೆಲವೇ ವರ್ಷಗಳಲ್ಲಿ, ಬಡ ಮಕ್ಕಳ ಹೆಸರಿನ ಹಣವನ್ನು ಶಾಲಾ ಆಡಳಿತಗಳು ಸಾಮಾನ್ಯ ಖರ್ಚಿಗೆ ಹರಿಸುತ್ತಿವೆ ಎಂದು 1969ರ ವರದಿಯೊಂದು ಬಯಲು ಮಾಡಿತು. ಅದರ ಫಲವಾಗಿ ನಿಯಮಗಳು ಬಿಗಿಯಾದವು, ಹಣ ಗುರುತಿಸಿದ ಮಕ್ಕಳಿಗೇ ಹೋಗಿದೆಯೆಂದು ಪೈಸೆಪೈಸೆಗೂ ತೋರಿಸಬೇಕಾಯಿತು. ಈ ಬಿಗಿ ಇನ್ನೊಂದು ತುದಿಗೆ ಹೋಗಿ, ಆ ಮಕ್ಕಳನ್ನು ತರಗತಿಯಿಂದ ಎಬ್ಬಿಸಿ ಬೇರೆ ಕೋಣೆಗೆ ಕರೆದೊಯ್ದು ಪಾಠ ಹೇಳುವುದೇ ಲೆಕ್ಕ ಒಪ್ಪಿಸುವ ಸುಲಭದ ದಾರಿಯಾಯಿತು. ಲೆಕ್ಕ ಪರಿಶೋಧಕರಿಗೆ ಅನುಕೂಲವಾದದ್ದು ಮಕ್ಕಳಿಗೆ ಅನುಕೂಲವಾಗಲಿಲ್ಲ.

ಆಗ ಅವರು ಇಡೀ ಶಾಲೆಯ ಯೋಜನೆ ಎಂಬ ದಾರಿ ತೆರೆದರು. 1978ರಲ್ಲಿ ಶೇಕಡ 75ರಷ್ಟು ಬಡ ಮಕ್ಕಳಿರುವ ಶಾಲೆಗಳಿಗೆ ಮಾತ್ರ ಇದ್ದ ಈ ಅವಕಾಶ 1994ರ ತಿದ್ದುಪಡಿಯಲ್ಲಿ ಶೇಕಡ 50ಕ್ಕೆ, 2001ರ ಕಾನೂನಿನಲ್ಲಿ ಶೇಕಡ 40ಕ್ಕೆ ಇಳಿಯಿತು. ಅಂತಹ ಶಾಲೆಗಳು ಕೇಂದ್ರ, ರಾಜ್ಯ, ಸ್ಥಳೀಯ ಹಣವನ್ನು ಒಂದೇ ಯೋಜನೆಯಡಿ ಒಟ್ಟುಗೂಡಿಸಬಹುದು, ಕೇಂದ್ರದ ಪ್ರತಿ ರೂಪಾಯಿಗೂ ಬೇರೆ ಲೆಕ್ಕ ಇಡಬೇಕಾಗಿಲ್ಲ. ಆದರೆ ಶಾಲೆಯ ಎಲ್ಲ ಅಗತ್ಯಗಳ ಸಮೀಕ್ಷೆಯನ್ನು ಮೊದಲೇ ಮಾಡಿರಬೇಕು, ಪಾಲಕರನ್ನು ಕೂರಿಸಿಕೊಂಡು ಬರೆದ ಯೋಜನೆ ಇರಬೇಕು, ಅದರ ಫಲವನ್ನು ಪ್ರತಿ ವರ್ಷ ಅಳೆಯಬೇಕು, ಮತ್ತು ಯಾವ ಯಾವ ಕಾರ್ಯಕ್ರಮದ ಹಣ ಸೇರಿದೆಯೋ ಆ ಪ್ರತಿಯೊಂದರ ಮೂಲ ಉದ್ದೇಶ ನೆರವೇರಿದೆಯೆಂದು ತೋರಿಸಬೇಕು. ಕೇಂದ್ರದ ಹಣ ಬಂತೆಂದು ರಾಜ್ಯ ತನ್ನ ಹಣವನ್ನು ಹಿಂದಕ್ಕೆ ಎಳೆದುಕೊಳ್ಳುವಂತೆಯೂ ಇಲ್ಲ.

ನಮ್ಮಲ್ಲಿ ಆ ಸ್ವಾತಂತ್ರ್ಯ ಇಲ್ಲ, ನಿಜ. ಆದರೆ ಅದರ ಮುಕ್ಕಾಲು ಪಾಲು ನಮ್ಮ ಕಾನೂನಿನಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. 22ನೇ ಕಲಮು, ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕೆಂದೂ, ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಯೋಜನೆ ಹಾಗೂ ಅನುದಾನಗಳಿಗೆ ಆ ಯೋಜನೆಯೇ ಆಧಾರವಾಗಬೇಕೆಂದೂ ಹೇಳುತ್ತದೆ. ಈ ಎರಡನೆಯ ವಾಕ್ಯವನ್ನು ಯಾರೂ ಓದುವುದಿಲ್ಲ. ನಾನು ಸೇವೆಯಲ್ಲಿದ್ದಾಗ ನೋಡಿದ ಹೆಚ್ಚಿನ ಶಾಲಾ ಅಭಿವೃದ್ಧಿ ಯೋಜನೆಗಳು ಪಕ್ಕದ ಶಾಲೆಯ ನಕಲು. ಒಂದರಲ್ಲಿ ಶಾಲೆಯ ಹೆಸರನ್ನು ತಿದ್ದುವುದನ್ನೂ ಮರೆತಿದ್ದರು.

ನಮ್ಮ ಹಿರಿಯರು ಬಿತ್ತನೆಗೆ ಮುಯ್ಯಿ ಮಾಡುತ್ತಿದ್ದರು. ಎತ್ತುಗಳು ಸಂಜೆಗೆ ಅವರವರ ಕೊಟ್ಟಿಗೆಗೆ ಹೋಗುತ್ತಿದ್ದವು, ಅವನ್ನು ಯಾರೂ ಒಂದೇ ದಾವಣಿಗೆ ಕಟ್ಟುತ್ತಿರಲಿಲ್ಲ. ಆದರೆ ಯಾರ ಹೊಲದ ಹದ ಮೊದಲು ಬಂದಿದೆ ಎಂಬುದನ್ನು ಕೂಡಿ ಕುಳಿತು ತೀರ್ಮಾನಿಸುತ್ತಿದ್ದರು. ನಮಗೆ ಬೇಕಾಗಿರುವುದು ಅಷ್ಟೇ.

ಎರಡನೇ_ಓಣಿ (ಪಾಲಕಿ, ಎಸ್‌ಡಿಎಂಸಿ ಸದಸ್ಯೆ, ಮುದ್ದೇಬಿಹಾಳ ತಾಲ್ಲೂಕು)

ಎಲ್ಲರೂ ಕೂಡಿಸುವ ಮಾತನ್ನೇ ಆಡುತ್ತಿದ್ದೀರಿ, ಆದ್ದರಿಂದ ನಾನು ಇನ್ನೊಂದು ಮಗ್ಗುಲಿನಿಂದ ಮಾತನಾಡಬೇಕಾಗಿದೆ. ನಮ್ಮ ಕೇರಿಯ ಹೆಸರಿನಲ್ಲಿ ಬಂದ ಹಣ ಊರಿನ ಹೆಸರಿನಲ್ಲಿ ಖರ್ಚಾಗುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಬಜೆಟ್ಟಿನ ಒಂದು ಪಾಲನ್ನು ಪರಿಶಿಷ್ಟರಿಗೇ ತೆಗೆದಿಡುವ ಉಪಯೋಜನೆಗೆ ಕರ್ನಾಟಕದಲ್ಲಿ 2013ರಲ್ಲಿ ಕಾಯ್ದೆ ಬಂತು. ಅದರಲ್ಲಿದ್ದ 7(ಡಿ) ಎಂಬ ಕಲಮು, ಎಲ್ಲರಿಗೂ ಬಳಕೆಯಾಗುವ ಕಾಮಗಾರಿಯ ಒಂದು ಪಾಲನ್ನು ಪರಿಶಿಷ್ಟರಿಗೆ ಖರ್ಚಾಗಿದೆಯೆಂದು ಭಾವಿಸಿಕೊಳ್ಳಲು ಅವಕಾಶ ಕೊಟ್ಟಿತ್ತು. ಹತ್ತು ವರ್ಷ ಹೋರಾಟ, ಮನವಿ, ಧರಣಿ ಎಲ್ಲ ನಡೆದ ಮೇಲೆ 2023ರಲ್ಲಿ ಅದನ್ನು ತೆಗೆದುಹಾಕಿದರು. ಈಗ ನೀವು ‘ಇಡೀ ಶಾಲೆಗೆ’ ಎಂದಾಗ ನನಗೆ ಆ 7(ಡಿ)ಯೇ ನೆನಪಾಗುತ್ತದೆ.

ಶಾಲೆ ಸುಧಾರಿಸಿದರೆ ನಮ್ಮ ಮಕ್ಕಳೂ ಸುಧಾರಿಸುತ್ತಾರೆ ಎಂಬುದು ಕೇಳಲು ಚೆನ್ನಾಗಿದೆ. ನಮ್ಮ ತಾಂಡಾದ ಮತ್ತು ಕೇರಿಯ ಮಕ್ಕಳಲ್ಲಿ ಅನೇಕರು ದೀಪಾವಳಿ ಕಳೆದ ಮೇಲೆ ತಂದೆತಾಯಿಯ ಜೊತೆ ಮಹಾರಾಷ್ಟ್ರದ ಕಡೆಗೆ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಅವರು ಊರಲ್ಲಿ ಇಲ್ಲದ ತಿಂಗಳುಗಳಲ್ಲಿ ಕಟ್ಟಿದ ಗೋಡೆ, ಹಚ್ಚಿದ ಬಣ್ಣ, ತಂದ ಕಂಪ್ಯೂಟರ್ ಯಾರ ಪಾಲಿಗೆ? ಅವರಿಗೆ ಬೇಕಾದದ್ದು ಅಜ್ಜಿಯ ಮನೆಯಲ್ಲೋ ವಸತಿ ನಿಲಯದಲ್ಲೋ ಉಳಿದು ಶಾಲೆಗೆ ಬರುವ ವ್ಯವಸ್ಥೆ. ಮೊದಲು ಅದನ್ನು ಬರೆಯಿರಿ, ಆಮೇಲೆ ಒಗ್ಗೂಡಿಸಿ.

ಹಳೇ_ಮಾಸ್ತರ

ಅಕ್ಕನವರೇ, ನಿಮ್ಮ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪುತ್ತೇನೆ. 1969ರ ಆ ವರದಿ ಹೇಳಿದ್ದೂ ಇದನ್ನೇ. ಮೂಲ ಉದ್ದೇಶವನ್ನು ತೋರಿಸಬೇಕೆಂಬ ಷರತ್ತು ಇಲ್ಲದ ಒಗ್ಗೂಡಿಸುವಿಕೆ ಎಂದರೆ ಬಲ್ಲಿದರು ಬಡವರ ಬುತ್ತಿ ಬಿಚ್ಚಿದಂತೆ. ಆದ್ದರಿಂದ ಯೋಜನೆಯ ಪುಸ್ತಕದಲ್ಲಿ ಪ್ರತಿ ಕಾಮಗಾರಿಯ ಎದುರು ‘ಯಾವ ಮಕ್ಕಳಿಗೆ’ ಎಂಬ ಒಂದು ಕಾಲಂ ಇರಲೇಬೇಕು.

ಬೆರಳಲಿಪಿ (ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ, ಗೋಕಾಕ ತಾಲ್ಲೂಕು)

ಆ ಕಾಲಮ್ಮಿಗೆ ನನ್ನದೊಂದು ಉದಾಹರಣೆ. ಒಂದು ಶಾಲೆಯಲ್ಲಿ ವಿಶೇಷ ಚೇತನ ಮಕ್ಕಳಿಗೆಂದು ಇಳಿಜಾರು ದಾರಿ ಕಟ್ಟಿದರು, ಅದೇ ವರ್ಷ ಬೇರೆ ಅನುದಾನದಲ್ಲಿ ವರಾಂಡಕ್ಕೆ ಗ್ರಿಲ್ ಹಾಕಿದರು. ಗ್ರಿಲ್ಲಿನ ಬಾಗಿಲು ಮೆಟ್ಟಿಲಿನ ಎದುರಿಗಿದೆ, ಇಳಿಜಾರಿನ ಎದುರಿಗೆ ಮುಚ್ಚಿದ ಸರಳುಗಳಿವೆ. ಎರಡೂ ಕಾಮಗಾರಿಗಳು ಕಾಗದದಲ್ಲಿ ಪೂರ್ಣಗೊಂಡಿವೆ, ಎರಡರದ್ದೂ ಫೋಟೋ ಇದೆ. ಗಾಲಿ ಕುರ್ಚಿಯ ಹುಡುಗನನ್ನು ಅವನ ಅಣ್ಣ ಇಂದಿಗೂ ಎತ್ತಿಕೊಂಡೇ ಮೆಟ್ಟಿಲು ಹತ್ತುತ್ತಾನೆ.

ಗ್ರಾಮ ಪಂಚಾಯ್ತಿಯ ಸ್ವಂತ ಆದಾಯದಲ್ಲಿ ವಿಶೇಷ ಚೇತನರಿಗೆ ಶೇಕಡ 5ರಷ್ಟು ಮೀಸಲಿದೆ ಎಂಬುದು ಎಷ್ಟೋ ಎಸ್‌ಡಿಎಂಸಿಗಳಿಗೆ ಗೊತ್ತಿಲ್ಲ. ಕೇಳಿ ಪಡೆಯಿರಿ.

ಎರೆಹೊಲ (ಹಳೆಯ ವಿದ್ಯಾರ್ಥಿ, ಮುಧೋಳ)

ಪಕ್ಕದ ಕೊಪ್ಪಳ ಜಿಲ್ಲೆಗೆ ಕಲ್ಯಾಣ ಕರ್ನಾಟಕ ಮಂಡಳಿಯ ಹಣ ಬರುತ್ತದೆ, ಸಂವಿಧಾನದ 371(ಜೆ) ಕಲಮಿನ ವಿಶೇಷ ಸ್ಥಾನಮಾನ ಇದೆ. ಕಿತ್ತೂರು ಕರ್ನಾಟಕವೆಂದು ನಮಗೆ 2021ರಲ್ಲಿ ಹೆಸರು ಕೊಟ್ಟರು, ಹೆಸರಿನ ಜೊತೆ ಮತ್ತೇನೂ ಕೊಡಲಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ ನಮ್ಮ ಕಡೆಯವೂ ಇವೆ. ಇಲ್ಲದ ಹಣವನ್ನು ಒಗ್ಗೂಡಿಸುವುದು ಹೇಗೆ?

ಪಂಚಾಯ್ತಿ_ಕಟ್ಟೆ

ತಮ್ಮಾ, ಆ ಸಿಟ್ಟು ನನಗೂ ಇದೆ. ಆದರೆ ನಿಮ್ಮದು ಮುಧೋಳ, ಸುತ್ತ ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ. 2015ರಲ್ಲಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಯ ಆದ್ಯತಾ ವಲಯಗಳಲ್ಲಿ ಶಿಕ್ಷಣವೂ ಇದೆ. ಗಣಿಗಾರಿಕೆಯಿಂದ ಬಾಧಿತವಾದ ಹಳ್ಳಿಯ ಶಾಲೆಯಾಗಿದ್ದರೆ ಅಲ್ಲಿಗೆ ಅರ್ಜಿ ಹಾಕಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಲಾಭದಲ್ಲಿ ತೆಗೆದಿಡುವ ಶೇಕಡ 2ರ ಸಾಮಾಜಿಕ ಹೊಣೆಯ ಹಣವೂ ಉಂಟು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಅದರಿಂದಲೂ ಕೋಣೆ ಕೇಳಬಹುದು. ಕಂಪನಿಯವರು ಸ್ಮಾರ್ಟ್ ಬೋರ್ಡ್ ಕೊಡುತ್ತೇವೆ ಎಂದರೆ ಮೊದಲು ನಿಮ್ಮ ಯೋಜನೆಯ ಪಟ್ಟಿಯನ್ನು ಅವರ ಕೈಗೆ ಕೊಡಿ. ಕೊಡುವವರು ಕೊಟ್ಟದ್ದನ್ನೆಲ್ಲ ತೆಗೆದುಕೊಂಡ ಶಾಲೆಗಳಲ್ಲಿ ವಿದ್ಯುತ್ ಸಂಪರ್ಕವಿಲ್ಲದೆ ಸ್ಮಾರ್ಟ್ ಬೋರ್ಡಿನ ಮೇಲೆ ಒದ್ದೆ ಟವೆಲ್ ಒಣಗುವುದನ್ನು ನೋಡಿದ್ದೇನೆ.

ಅಳತೆಪಟ್ಟಿ (ನಿವೃತ್ತ ಸಹಾಯಕ ಎಂಜಿನಿಯರ್, ವಿಜಯಪುರ)

ತಾಂತ್ರಿಕವಾಗಿ ಒಂದು ಎಚ್ಚರಿಕೆ. ಒಂದೇ ಕಟ್ಟಡಕ್ಕೆ ಎರಡು ನಿಧಿ ಬಳಸುವಾಗ ಅಂದಾಜು ಪತ್ರಿಕೆಯನ್ನು ಭಾಗ ಮಾಡಿ ಬರೆಯಬೇಕು. ಅಡಿಪಾಯದಿಂದ ಗೋಡೆಯವರೆಗೆ ಒಂದು ನಿಧಿ, ಛಾವಣಿ ಇನ್ನೊಂದು ನಿಧಿ ಎಂಬಂತೆ ಅಳತೆ ಪುಸ್ತಕದಲ್ಲಿ ಬೇರೆಬೇರೆಯಾಗಿ ಕಾಣಬೇಕು. ಹಾಗೆ ಮಾಡದೆ ಒಂದೇ ಕೆಲಸಕ್ಕೆ ಎರಡು ಬಿಲ್ಲು ಆಯಿತೆಂದು ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೆ ವಸೂಲಿ ಬೀಳುವುದು ಮುಖ್ಯ ಗುರುಗಳ ಪಿಂಚಣಿಯ ಮೇಲೆ. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಈ ಹೆದರಿಕೆಯಿಂದಲೇ ಅನೇಕ ಗುರುಗಳು ಬಣ್ಣ ಹಚ್ಚಿಸಿ ಸುಮ್ಮನಾಗುತ್ತಾರೆ ಎಂಬುದು ನನ್ನ ಅನುಭವ.

ಕೆಲಸದ ಸರದಿಯೂ ಹೀಗಿರಲಿ: ಮೊದಲು ಛಾವಣಿ, ಆಮೇಲೆ ನೀರು ಮತ್ತು ವಿದ್ಯುತ್ತಿನ ಕೊಳವೆ, ನಂತರ ನೆಲ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಎಲ್ಲರಿಗೂ ಗೊತ್ತಿರುವ ಮಾತಿದು, ಆದರೆ ಸರ್ಕಾರದ ಹಣ ಇದಕ್ಕೆ ತದ್ವಿರುದ್ಧ ಸರದಿಯಲ್ಲಿ ಬರುತ್ತದೆ, ಏಕೆಂದರೆ ಸಣ್ಣ ಹಣ ಬೇಗ ಮಂಜೂರಾಗುತ್ತದೆ, ದೊಡ್ಡದು ತಡವಾಗುತ್ತದೆ.

ಕರಿಹಲಗೆ

ಇಷ್ಟು ಹೊತ್ತು ನಾವೆಲ್ಲ ಸಿಮೆಂಟು, ಪೈಪು, ಬಣ್ಣದ ಬಗ್ಗೆಯೇ ಬರೆದಿದ್ದೇವೆ, ನನ್ನನ್ನೂ ಸೇರಿಸಿ. ಮಾಸ್ತರರು ಹೇಳಿದ ಆ ಪರದೇಶದ ಯೋಜನೆಯಲ್ಲಿ ಸಮೀಕ್ಷೆ ಆರಂಭವಾಗುವುದು ಮಕ್ಕಳ ಕಲಿಕೆಯಿಂದ. ನಾನು ಕಳೆದ ವಾರ ನಾಲ್ಕನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಎರಡನೆಯ ತರಗತಿಯ ಪಾಠ ಓದಿಸಿದೆ. ಇಪ್ಪತ್ಮೂರರಲ್ಲಿ ಒಂಬತ್ತು ಮಕ್ಕಳಿಗೆ ಒತ್ತಕ್ಷರ ಬರುವುದಿಲ್ಲ. ಆ ಒಂಬತ್ತರಲ್ಲಿ ಆರು ಮಕ್ಕಳು ಗುಳೆ ಹೋಗಿ ಬಂದವರು. ಅಕ್ಕನವರು ಹೇಳಿದ್ದು ನನ್ನ ಹಾಜರಿ ಪುಸ್ತಕದಲ್ಲೇ ಇತ್ತು, ನಾನು ಆ ಕಣ್ಣಿನಿಂದ ನೋಡಿರಲಿಲ್ಲ.

ಈಗ ಇದಕ್ಕೆ ಹಣದ ಮೂಲಗಳನ್ನು ಹುಡುಕಿದರೆ, ಗ್ರಂಥಾಲಯ ಅನುದಾನದ ಪುಸ್ತಕಗಳು ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕುಳಿತಿವೆ. ಸಮಗ್ರ ಶಿಕ್ಷಣದಲ್ಲಿ ಗುಳೆ ಹೋಗುವವರ ಮಕ್ಕಳಿಗೆ ಹಂಗಾಮಿನ ವಸತಿ ನಿಲಯಕ್ಕೆ ಅವಕಾಶವಿದೆ. ಪಂಚಾಯ್ತಿಯ ಗ್ರಂಥಾಲಯ ನಮ್ಮ ಶಾಲೆಯಿಂದ ನೂರು ಹೆಜ್ಜೆಯ ದೂರದಲ್ಲಿದ್ದು, ಸಂಜೆ ಅಲ್ಲಿ ಓದಿಸಬಹುದು. ಬಿಸಿಯೂಟದ ಮೊಟ್ಟೆಯಲ್ಲಿ ಸರ್ಕಾರದ ಪಾಲು ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ಪಾಲು ಒಂದೇ ತಟ್ಟೆಗೆ ಬರುತ್ತಿರುವಾಗ, ಓದಿನಲ್ಲಿ ಎರಡು ಇಲಾಖೆಗಳು ಒಂದೇ ಮಗುವಿನ ಎದುರು ಕೂರಲಾರವೇ? ಮೊಟ್ಟೆಗಂತೂ ಯಾರೂ ಎರಡು ತಟ್ಟೆ ಇಟ್ಟಿಲ್ಲ.

ಮಲಪ್ರಭೆ_ದಂಡೆ

ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮೆಯಿರಲಿ. ಇಲ್ಲಿಯ ಬರಹಗಳನ್ನು ಮುದ್ರಿಸಿಕೊಂಡು ಶನಿವಾರ ಎಸ್‌ಡಿಎಂಸಿ ಸಭೆಯಲ್ಲಿ ಓದಿದೆ. ಮುಖ್ಯ ಗುರುಗಳು, ಸುತ್ತಲಿನ ಶಾಲೆಗಳ ಸಮೂಹಕ್ಕೆ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ, ಪಂಚಾಯ್ತಿಯ ಇಬ್ಬರು ಸದಸ್ಯರು ಬಂದಿದ್ದರು. ಸಭೆ ಎರಡೂವರೆ ತಾಸು ನಡೆಯಿತು, ಮಧ್ಯೆ ಒಮ್ಮೆ ಜಗಳವೂ ಆಯಿತು.

ನೂರು ಪುಟದ ಒಂದು ಉದ್ದ ನೋಟ್‌ಬುಕ್ ತಂದು ಅದರಲ್ಲಿ ಕಾಲಂ ಎಳೆದೆವು: ಏನು ಬೇಕು, ಯಾವ ಮಕ್ಕಳಿಗೆ, ಅಳತೆ ಎಷ್ಟು, ಯಾವ ನಿಧಿ, ಯಾರನ್ನು ಕೇಳಬೇಕು, ಯಾವ ತಿಂಗಳೊಳಗೆ, ಇದಕ್ಕಿಂತ ಮೊದಲು ಯಾವ ಕೆಲಸ ಮುಗಿದಿರಬೇಕು. ಕೊನೆಯ ಕಾಲಂ ಅಳತೆಪಟ್ಟಿ ಸಾಹೇಬರ ಮಾತಿನಿಂದ ಬಂದದ್ದು. ಇಳಿಜಾರು ದಾರಿಯ ಎದುರು ಏನಿದೆ ಎಂದು ಒಬ್ಬ ತಾಯಿ ಎದ್ದು ಹೋಗಿ ನೋಡಿಕೊಂಡು ಬಂದರು, ನಮ್ಮಲ್ಲಿ ಒಂದು ಹಳೆಯ ಮೇಜು ಇತ್ತು, ಅಂದೇ ಸರಿಸಿದೆವು.

ಜಗಳವಾದದ್ದು ಮೊದಲ ಸಾಲಿಗೆ ಏನು ಬರೆಯಬೇಕೆಂಬುದಕ್ಕೆ. ಸದಸ್ಯರೊಬ್ಬರು ಕಾಂಪೌಂಡಿನ ಮಹಾದ್ವಾರವಾಗಲಿ ಎಂದು ಪಟ್ಟು ಹಿಡಿದರು, ಅದರ ಮೇಲೆ ದಾನಿಗಳ ಹೆಸರು ಕೆತ್ತಬಹುದೆಂಬುದು ಅವರ ವಾದ. ಕೊನೆಗೆ ಮೊದಲ ಸಾಲಿಗೆ ಬಂದದ್ದು ಇಪ್ಪತ್ತೆರಡು ಮೀಟರ್ ಪೈಪು, ಎರಡನೆಯ ಸಾಲಿಗೆ ಗುಳೆ ಹೋಗುವ ಹದಿನಾಲ್ಕು ಮಕ್ಕಳ ಹೆಸರು, ಮಹಾದ್ವಾರ ಹನ್ನೊಂದನೆಯದು. ಪೈಪಿನ ಸಾಮಗ್ರಿಯನ್ನು ಶಾಲಾ ಅನುದಾನದ ಸ್ವಚ್ಛತೆಯ ಪಾಲಿನಿಂದ ತರುವುದು, ತೋಡುವ ಕೂಲಿಯನ್ನು ಊರವರೇ ಶ್ರಮದಾನದಿಂದ ಮಾಡುವುದು ಎಂದು ಠರಾವು ಆಯಿತು. ಒಂದು ನಿಧಿಗಾಗಿ ಇನ್ನೊಂದು ನಿಧಿಯ ದಾರಿ ಕಾಯುವುದು ಇಪ್ಪತ್ತೆರಡು ಮೀಟರಿಗೆ ಬೇಡವೆನಿಸಿತು.

ಒಂದು ಪ್ರಶ್ನೆ ಉಳಿದಿದೆ. ಹದಿನಾಲ್ಕು ಮಕ್ಕಳಲ್ಲಿ ಐವರ ಅಜ್ಜ ಅಜ್ಜಿ ಊರಲ್ಲೇ ಇರುತ್ತಾರೆ, ಅವರು ಮಕ್ಕಳನ್ನು ಇಟ್ಟುಕೊಳ್ಳಲು ಒಪ್ಪಿದ್ದಾರೆ. ಉಳಿದ ಒಂಬತ್ತು ಮಕ್ಕಳಿಗಾಗಿ ಹಂಗಾಮಿನ ವಸತಿ ನಿಲಯ ಕೇಳಬೇಕು. ಇಷ್ಟು ಕಡಿಮೆ ಸಂಖ್ಯೆಗೆ ಒಂದೇ ಶಾಲೆಯಿಂದ ಕೇಳಿದರೆ ಕೊಡುವುದಿಲ್ಲ ಎಂದು ಸಿಆರ್‌ಪಿ ಹೇಳುತ್ತಾರೆ. ನಮ್ಮ ಸುತ್ತಲಿನ ನಾಲ್ಕು ಊರುಗಳ ಎಸ್‌ಡಿಎಂಸಿಗಳು ಕೂಡಿ ಒಂದೇ ಬೇಡಿಕೆಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಸಲ್ಲಿಸಿದ ಉದಾಹರಣೆ ಯಾರ ಬಳಿಯಾದರೂ ಇದೆಯೇ? ದೀಪಾವಳಿಗೆ ಇನ್ನು ಏಳು ವಾರ ಮಾತ್ರ ಇದೆ.

ಎರಡನೇ_ಓಣಿ

ಇದೆ. ಹಿಂದಿನ ವರ್ಷ ನಮ್ಮ ಕಡೆಯ ಮೂರು ತಾಂಡಾದವರು ಕೂಡಿ ಕೊಟ್ಟಿದ್ದೆವು. ಅರ್ಜಿಯ ಪ್ರತಿ ನನ್ನ ಮಗಳ ಶಾಲಾ ಚೀಲದಲ್ಲಿದೆ, ಅವಳು ಸಂಜೆ ಬಂದ ಮೇಲೆ ಫೋಟೋ ತೆಗೆದು ಹಾಕುತ್ತೇನೆ. ಮಕ್ಕಳ ಹೆಸರಿನ ಜೊತೆ ಅವರು ಕಳೆದ ವರ್ಷ ಎಷ್ಟು ದಿನ ಗೈರಾಗಿದ್ದರು ಎಂಬುದನ್ನು ಹಾಜರಿ ಪುಸ್ತಕ ನೋಡಿ ಬರೆಯಿರಿ. ನಮ್ಮ ಅರ್ಜಿಯನ್ನು ಮೊದಲ ಸಲ ಅದಿಲ್ಲವೆಂದೇ ತಿರುಗಿಸಿ ಕಳಿಸಿದ್ದರು.